ನಳಿಗೆಯಲ್ಲಿ ಉಳಿದ ಗುಂಡು

ಮರ್ಲ್ ಗೂಟದ ಮೇಲಿನ ಬಂದೂಕನ್ನು ಅರ್ಧ ಇಳಿಸಿಕೊಂಡಿದ್ದ. ಅಷ್ಟರಲ್ಲಿ ಓರ್ಫಾ ಒಲೆಯ ಕಡೆಯಿಂದ ತಿರುಗದೆಯೇ ಹೇಳಿದಳು:

"ಹುಷಾರು ಮರ್ಲ್. ಅದ್ರಲ್ಲಿ ಗುಂಡಿದೆ."

ಅವನ ಕೈ ಅಲ್ಲೇ ನಿಂತಿತು. ನಳಿಗೆಯ ಬಾಯನ್ನು ಮೆಲ್ಲಗೆ ಸೂರಿನ ಕಡೆಗೆ ತಿರುಗಿಸಿದ. ಕಾಫಿ ಕುಡಿಯುತ್ತಿದ್ದ ಎಲ್ಡಾ ಕುರ್ಚಿಯನ್ನು ಹಿಂದಕ್ಕೆಳೆದುಕೊಂಡಳು.

"ಹೆಣ ಚರ್ಚಲ್ಲಿ, ಗುಂಡು ಮನೇಲಿ," ಎಂದಳು. ಸತ್ತ ಹಾರ್ಲನ್‌ಗೆ ಅವಳು ಅಕ್ಕ, ಓರ್ಫಾ ಹೆಂಡತಿ. "ಬದುಕಿದ್ದಾಗ ನನ್ನ ತಮ್ಮ ಒಂದು ಜಿಂಕೆಗೂ ತೊಂದ್ರೆ ಕೊಟ್ಟೋನಲ್ಲ. ಈಗ ನಮ್ಮನ್ನ ಹೊಡೀತಾನೇನೋ."

"ಒಂದನ್ನ ಹೊಡೆದಿದ್ದ, ಎಲ್ಡಾ," ಎಂದ ಮರ್ಲ್.

"ಅದು ಮುದಿಯಾಗಿ ತಾನೇ ಬಿದ್ದಿತ್ತು."

ಹಳೇ ಬಂದೂಕಿನ ಸಂಘದವರು ಸಮಾಧಿಯ ಬಳಿ ಗುಂಡಿಲ್ಲದೆ ಬರೀ ಮದ್ದು ಹಾರಿಸಿ ಗೆಳೆಯನನ್ನು ಬೀಳ್ಕೊಡುವುದು ಆ ಬೆಟ್ಟಗಳಲ್ಲಿ ನಡೆದು ಬಂದದ್ದು. ಸತ್ತವನ ಬಂದೂಕೂ ಅವುಗಳ ಜೊತೆ ಹಾರಬೇಕು. ಅದನ್ನು ಒಯ್ಯಲೆಂದೇ ಸಂಘದ ಗೆಳೆಯ ಮರ್ಲ್ ಬಂದಿದ್ದ.

"ತುಂಬಿದೆ ಅಂತ ನಿನಗೆ ಹೆಂಗೊತ್ತು?" ಎಂದು ಕೇಳಿದ.

"ಅವತ್ತು ಸಾಯಂಕಾಲ ಸದ್ದು ಕೇಳ್ಲಿಲ್ಲ."

ಮರ್ಲ್‌ಗೆ ಅಷ್ಟು ಸಾಕಾಯಿತು. ಬೇಟೆಯ ದಿನಗಳಲ್ಲಿ ಹಾರ್ಲನ್ ಬರಿಗೈಲಿ ಹಿಂದಿರುಗಿದಾಗಲೆಲ್ಲ ಕೊಟ್ಟಿಗೆಯ ಹಿಂದಿನ ಮೋಟುಮರಕ್ಕೆ ಗುಂಡು ಹಾರಿಸಿ ನಳಿಗೆ ಖಾಲಿ ಮಾಡುತ್ತಿದ್ದ. ಆ ಸದ್ದು ಕೇಳಿ ಓರ್ಫಾ ಆಲೂಗಡ್ಡೆ ಬೇಯಲು ಇಡುತ್ತಿದ್ದಳು. ಕಳೆದ ಗುರುವಾರ ಕತ್ತಲಾದರೂ ಸದ್ದು ಬರಲಿಲ್ಲ. ಹುಡುಕಲು ಹೋದವರಿಗೆ ಅವನು ಓಕ್ ಮರಕ್ಕೆ ಒರಗಿ ಕೂತ ಹಾಗೆಯೇ ಸಿಕ್ಕ. ಹೃದಯ ನಿಂತಿತ್ತು ಎಂದರು ಡಾಕ್ಟರು. ಯಾರೋ ಬಂದೂಕನ್ನು ತಂದು ಗೂಟಕ್ಕೆ ಹಾಕಿದರು. ಒಳಗೇನಿದೆ ಎಂದು ನೋಡಲು ಯಾರಿಗೂ ಹೊಳೆಯಲಿಲ್ಲ.

ಮಗಳು ಡಾರ್ಲಾ ಮಹಡಿಯಿಂದ ಇಳಿದು ಬಂದಳು. ಪಿಟ್ಸ್‌ಬರ್ಗ್‌ನಿಂದ ಬಂದಾಗಿನಿಂದ ಅವಳು ಅತ್ತಿರಲಿಲ್ಲ. ಅಪ್ಪನ ಕೋಣೆಯ ಕಪಾಟುಗಳನ್ನು ತೆರೆದು ಮುಚ್ಚುತ್ತಿದ್ದಳು.

"ಅಮ್ಮ, ಅಪ್ಪ ತಲೆ ನೆಟ್ಟಗಿದ್ದೇ ತಾನೇ ಕಾಡಿಗೆ ಹೋಗಿದ್ದು? ಹೋದ ತಿಂಗಳು ಫೋನಲ್ಲಿ ನನ್ನನ್ನ ಎಲ್ಡಾ ಅಂದ್ರು."

"ಫೋನು ಸರಿಯಾಗಿ ಕೇಳಿಸಿರಲ್ಲ."

"ಹಂಗೇನಾದ್ರೂ ಇದ್ರೆ ಬಂದೂಕು ಎತ್ತಿಡು ಅಂತ ಹೇಳಿದ್ದೆ."

"ನೀನು ಹೇಳಿದ್ದೆ. ನಾನೂ ಕೇಳಿಸ್ಕೊಂಡಿದ್ದೆ."

ಮರ್ಲ್ ಇಬ್ಬರನ್ನೂ ನೋಡಿ, "ಹೊರಗೆ ಹೋಗಿ ಖಾಲಿ ಮಾಡ್ಕೊಂಡು ಬರ್ತೀನಿ," ಎಂದ. ಓರ್ಫಾ ಒಣದ್ರಾಕ್ಷಿ ತುಂಬಿ ಬೇಯಿಸಿದ ಪೈಯನ್ನು ಕತ್ತರಿಸಲು ತೊಡಗಿದಳು. ಸಾವಿನ ಮನೆಗೆಂದು ನೆರೆಯವರು ತಂದದ್ದು. ಚಾಕು ಎಷ್ಟೊತ್ತಾದರೂ ಎರಡನೇ ತುಂಡಿಗೆ ಹೋಗಲಿಲ್ಲ.

*

ಹಾಲಿನ ಟ್ಯಾಂಕರ್ ಓಡಿಸುವ ಕೆಲಸದಿಂದ ನಿವೃತ್ತನಾದ ಬೇಸಿಗೆಯಲ್ಲಿ ಹಾರ್ಲನ್ ಆ ಬಂದೂಕನ್ನು ತಂದ. ಚಕಮಕಿ ಕಲ್ಲಿನಿಂದ ಕಿಡಿ ಹಾರಿಸುವ ಹಳೇ ಮಾದರಿ: ನಳಿಗೆಯ ಬಾಯಿಂದ ಮೊದಲು ಮದ್ದು ಸುರಿದು, ಮೇಲೆ ಬಟ್ಟೆ ಸುತ್ತಿದ ಗುಂಡನ್ನು ಕೋಲಿನಿಂದ ದೂಡಬೇಕು. ನಳಿಗೆಯ ಒಳಗೆ ಗುಂಡನ್ನು ತಿರುಗಿಸುವ ಗೀರುಗಳಿಲ್ಲ, ಬರೀ ನುಣುಪು. ಗುರಿ ಹಿಡಿಯಲು ತುದಿಯಲ್ಲೊಂದು ಜೋಳದ ಕಾಳಿನಷ್ಟು ಹಿತ್ತಾಳೆ ಮಣಿ, ಅಷ್ಟೇ. ಇಂಥದ್ದಕ್ಕೆ ಎಷ್ಟು ಮದ್ದು ಒಗ್ಗುತ್ತದೆ, ಗುಂಡಿಗೆ ಸುತ್ತುವ ಬಟ್ಟೆ ಎಷ್ಟು ದಪ್ಪವಿರಬೇಕು ಎಂಬುದನ್ನು ಬಂದೂಕಿನ ಬಾಯಿಂದಲೇ ಕೇಳಬೇಕು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಹಾರಿಸಿ, ನೋಡಿ, ಮತ್ತೆ ತುಂಬಬೇಕು.

ಹಾರ್ಲನ್ ಹಾರಿಸುತ್ತಿದ್ದ. ಓರ್ಫಾ ಹುಲ್ಲಿನಲ್ಲಿ ನಡೆದು ಹೋಗಿ ಗುರಿಗೆಂದು ಕಟ್ಟಿದ ಕಾಗದದ ಮೇಲಿನ ತೂತಿಗೆ ಪೆನ್ಸಿಲ್ ಗುರುತು ಹಾಕಿ, ಬರುವಾಗ ನಳಿಗೆಯಿಂದ ಹಾರಿ ಬಿದ್ದ ಬಟ್ಟೆಯ ಬಿಲ್ಲೆಯನ್ನು ಹೆಕ್ಕಿ ತರುತ್ತಿದ್ದಳು.

"ಏನನ್ನುತ್ತೆ?" ಎಂದು ಅವನು ಕೇಳುತ್ತಿದ್ದ.

"ಎಡಕ್ಕೆ ಹೋಯ್ತು ಅನ್ನುತ್ತೆ. ಬಟ್ಟೆ ತೂತು ಬಿದ್ದಿದೆ."

"ಮದ್ದು ಜಾಸ್ತಿಯಾಯ್ತಾ?"

"ಬಟ್ಟೆ ತೆಳು ಅನ್ಸುತ್ತೆ ನಂಗೆ."

ಹೆಂಡತಿಗೆ ಏನನ್ನಿಸುತ್ತದೆ ಎಂದು ಕೇಳಿ ರೂಢಿಯಿಲ್ಲದ ಗಂಡಸು ಆ ಬೇಸಿಗೆಯಲ್ಲಿ ಒಂದೊಂದು ಗುಂಡಿಗೂ ಕೇಳಿದ. ಅಡುಗೆಮನೆಯ ಒರಸುಬಟ್ಟೆಗಳು ಸುಟ್ಟುಹೋದವು. ಅವನ ಹಳೇ ಪ್ಯಾಂಟಿನ ಬಟ್ಟೆ ದಪ್ಪವಾಗಿ ಗುಂಡು ಇಳಿಯಲೇ ಇಲ್ಲ. ಕಡೆಗೆ ಓರ್ಫಾ ತನ್ನ ದಿಂಬಿನ ನೀಲಿ ಪಟ್ಟೆಯ ಗವಸನ್ನು ಬಿಚ್ಚಿ, ಕತ್ತರಿಸಿ, ಕೊಬ್ಬು ಸವರಿ ಕೊಟ್ಟಳು. ಮುಂದಿನ ಗುಂಡುಗಳೆಲ್ಲ ಒಂದು ತಟ್ಟೆಯಗಲದಲ್ಲಿ ಬಿದ್ದವು. ಹೆಕ್ಕಿ ತಂದ ಬಿಲ್ಲೆಯನ್ನು ಬೆಳಕಿಗೆ ಹಿಡಿದರೆ ನಡುವೆ ಕಪ್ಪಗೆ ಸುಟ್ಟ ಗುರುತು, ನೇಯ್ಗೆ ಮಾತ್ರ ಗಟ್ಟಿ.

"ಇದು ಒಪ್ಪಿದ ಬಟ್ಟೆ," ಎಂದ ಹಾರ್ಲನ್. ಅವನ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ. ಅಷ್ಟೇ ಮದ್ದು ಹಿಡಿಯುವಂತೆ ಜಿಂಕೆಯ ಕೊಂಬನ್ನು ಕೊರೆದು ಅಳತೆ ಮಾಡಿಕೊಂಡ. ಗುಂಡು ದೂಡುವ ಕೋಲಿನ ಮೇಲೆ ಚಾಕುವಿನಿಂದ ಎರಡು ಉಂಗುರ ಕೆತ್ತಿದ: ನಳಿಗೆ ಖಾಲಿಯಿದ್ದರೆ ಕೋಲು ಇಲ್ಲಿಯವರೆಗೆ, ಸರಿಯಾಗಿ ತುಂಬಿದ್ದರೆ ಇಲ್ಲಿಯವರೆಗೆ.

*

ಈ ಸಲ ಅಕ್ಟೋಬರಿನಲ್ಲಿ ಅವನು ಮದ್ದು ಹಾಕದೆಯೇ ಗುಂಡು ದೂಡಿದ. ಓರ್ಫಾ ನಕ್ಕುಬಿಟ್ಟಳು. ಸಂಘದಲ್ಲಿ ಆ ತಪ್ಪು ಮಾಡದವರಿಲ್ಲ. ಮಾಡಿದವನನ್ನು ಇಡೀ ಚಳಿಗಾಲ ಗೇಲಿ ಮಾಡುತ್ತಾರೆ. ಮಾರನೇ ವಾರ ಮತ್ತೆ ಹಾಗೇ ಆಯಿತು. ಅವಳು ನಗಲಿಲ್ಲ. ಅವನು ಕೋಲು ಹಿಡಿದು ನಿಂತು, ಮುಂದೇನು ಎಂದು ತಿಳಿಯದವನಂತೆ ಅವಳ ಮುಖ ನೋಡಿದ.

"ನೀನೇ ತುಂಬು. ನನ್ನ ಬೆರಳು ಮರಗಟ್ಟಿವೆ," ಎಂದ. ಹೊರಗೆ ಬಿಸಿಲಿತ್ತು.

ಅಲ್ಲಿಂದ ಮುಂದೆ ಅವಳೇ ತುಂಬಿದಳು. ಆ ಬಗ್ಗೆ ಇಬ್ಬರೂ ಮಾತಾಡಲಿಲ್ಲ. ಕಾಡು ತಪ್ಪಿಸಿದರೆ ಅವನಲ್ಲಿ ಉಳಿದಿರುವುದೂ ಹೋಗುತ್ತದೆ ಎಂದುಕೊಂಡಳು. ಹಾಗಂದುಕೊಳ್ಳುವುದು ಅವಳಿಗೆ ಸುಲಭವೂ ಆಗಿತ್ತು.

ಗುರುವಾರ ಬೆಳಿಗ್ಗೆ ಡಾರ್ಲಾಳ ಫೋನು ಬಂತು. ಮಾತಾಡುತ್ತಲೇ ಓರ್ಫಾ ಕಿಟಕಿಯಿಂದ ನೋಡಿದಳು. ಹಾರ್ಲನ್ ಅಂಗಳದಲ್ಲಿ ನಿಂತು ತಾನೇ ಕೋಲು ದೂಡುತ್ತಿದ್ದ. ಮದ್ದು ತುಂಬಿಟ್ಟಿದ್ದ ಕೊಂಬು ಅವನ ಹೆಗಲಲ್ಲಿತ್ತೋ ಬೆಂಚಿನ ಮೇಲಿತ್ತೋ ಅವಳು ನೋಡಲಿಲ್ಲ.

"ಚೆನ್ನಾಗಿದ್ದಾರೆ," ಎಂದಳು ಫೋನಿನಲ್ಲಿ. ಅವನು ಹೊರಟ. ಅವಳು ಕೈಬೀಸಿದಳು.

*

ಈಗ ಅದೇ ಕಿಟಕಿಯ ಆಚೆ ಮರ್ಲ್ ನಿಂತಿದ್ದ. ಕೋಲನ್ನು ನಳಿಗೆಗೆ ಇಳಿಬಿಟ್ಟು, ಬಾಯಿಯ ಹತ್ತಿರ ಹೆಬ್ಬೆರಳಿಟ್ಟು ಉಂಗುರಗಳನ್ನು ನೋಡಿದ. ಎಳೆದು, ಇನ್ನೊಮ್ಮೆ ಬಿಟ್ಟು ನೋಡಿದ. ಆಮೇಲೆ ತಲೆಯೆತ್ತಿ ಅಡುಗೆಮನೆಯ ಕಡೆಗೆ ನೋಡಿದ. ಓರ್ಫಾ ತಟ್ಟನೆ ಪೈಯ ಕಡೆಗೆ ತಿರುಗಿದಳು. ಅವನು ಕೊಟ್ಟಿಗೆಯ ಹಿಂದಕ್ಕೆ ನಡೆದದ್ದು ಬೂಟಿನ ಸದ್ದಿನಿಂದ ತಿಳಿಯಿತು.

ಸ್ವಲ್ಪ ಹೊತ್ತಿಗೆ ಜಾಡಿಯ ಮುಚ್ಚಳ ಬಿಚ್ಚಿದಂಥ ಸಣ್ಣ ಸದ್ದು ಬಂತು. ಎಲ್ಡಾ ಸಕ್ಕರೆ ಕದಡುತ್ತಿದ್ದಳು, ಡಾರ್ಲಾ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದಳು, ಇಬ್ಬರಿಗೂ ಕೇಳಿಸಲಿಲ್ಲ. ನಳಿಗೆಯ ಬುಡದಲ್ಲಿ ಕಿಡಿ ತಾಗುವ ಕಿಂಡಿಯಿಂದ ಚಿಟಿಕೆ ಮದ್ದು ತೂರಿಸಿ, ಮದ್ದಿಲ್ಲದೆ ಕೂತ ಗುಂಡನ್ನು ಹೊರಹಾಕುವಾಗ ಬರುವ ಸದ್ದು ಅದು. ಓರ್ಫಾ ಎರಡು ಸಲ ಕೇಳಿದ್ದಳು.

ಬಹಳ ಹೊತ್ತಿನ ಮೇಲೆ, ಕಿಟಕಿಯ ಗಾಜು ಅದುರುವಂತೆ, ಎಲ್ಲರಿಗೂ ಕೇಳಿಸುವ ದೊಡ್ಡ ಸದ್ದು ಬಂತು.

ಮರ್ಲ್ ಒಳಗೆ ಬಂದು ನೇರವಾಗಿ ನಲ್ಲಿಯ ಹತ್ತಿರ ಹೋಗಿ ಕೈ ತೊಳೆದ.

"ಸರಿಯಾಗೇ ತುಂಬಿದ್ದ," ಎಂದ, ನೀರಿಗೆ ಹೇಳುವವನಂತೆ. "ಮೋಟುಮರದ ನಡೂಮಧ್ಯಕ್ಕೇ ಬಿತ್ತು."

ಡಾರ್ಲಾ ಒಂದು ಕೈ ಮೇಜಿನ ಮೇಲೂರಿ ಕೂತಳು. ಅಳು ಬಂತು.

"ನಾನು ಸುಮ್ಸುಮ್ನೆ ಅನುಮಾನಪಟ್ಟೆ ಅಮ್ಮ."

ಓರ್ಫಾ ಮರ್ಲ್‌ನ ಕೈಗೆ ಒರಸುಬಟ್ಟೆ ಕೊಟ್ಟಳು, ಆಮೇಲೆ ಒಂದು ತುಂಡು ಪೈ. ಅವನು ನಿಂತುಕೊಂಡೇ ತಿಂದ. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

*

ಸಮಾಧಿಯ ಬಳಿ ಬಂದೂಕುಗಳು ಒಟ್ಟಿಗೆ ಹಾರಿದವು. ಹಾರ್ಲನ್‌ನದು ಮರ್ಲ್‌ನ ಕೈಯಲ್ಲಿತ್ತು. ಹೊಗೆ ಹಿಮದ ಮೇಲೆ ಕೂತು ಕದಲಲಿಲ್ಲ, ಮದ್ದಿನ ಕೊಳೆತ ಮೊಟ್ಟೆಯಂಥ ವಾಸನೆ ಹರಡಿತು. ಪಾದ್ರಿ ಕೆಮ್ಮಿದರು.

"ಈ ವಾಸನೆ ಇಲ್ದೆ ಹೋದ್ರೆ ಸ್ವರ್ಗದಲ್ಲಿ ನಮ್ಮಮ್ಮ ಇವನನ್ನ ಒಳಗೇ ಬಿಡಲ್ಲ, ಯಾರೋ ಬೇರೆ ಅಂತಾಳೆ," ಎಂದು ಎಲ್ಡಾ ಓರ್ಫಾಳ ಕಿವಿಯಲ್ಲಿ ಹೇಳಿದಳು. ಹೇಳಿ, ಅವಳ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಊಟ ಮುಗಿಸಿ ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಕಾರಿನಿಂದ ಇಳಿಯುತ್ತಲೇ ಡಾರ್ಲಾ, "ಅಮ್ಮ, ಅಪ್ಪನ ಕೊನೇ ಗುಂಡು ತೋರ್ಸು. ಮರದಲ್ಲಿದೆಯಲ್ಲ," ಎಂದಳು.

"ಮೊದ್ಲು ಬೂಟು ಹಾಕ್ಕೊಂಡು ಬಾ. ಆ ತೆಳು ಶೂನಲ್ಲಿ ಹಿಮ ತುಳೀಬೇಡ."

ಮಗಳು ಒಳಗೆ ಹೋದ ಕೂಡಲೇ ಓರ್ಫಾ ಕೊಟ್ಟಿಗೆಯ ಹಿಂದಕ್ಕೆ ಹೋದಳು. ಮೋಟುಮರದ ನೆತ್ತಿಯ ಮೇಲೆ ಹಿಮ ಟೊಪ್ಪಿಗೆಯಂತೆ ಕೂತಿತ್ತು. ಒಂದು ಕಣವೂ ಉದುರಿರಲಿಲ್ಲ. ಆ ದೊಡ್ಡ ಸದ್ದು ಬರೀ ಮದ್ದಿನದು. ಮರ್ಲ್ ನಿಂತಿದ್ದ ಜಾಗದಿಂದ ತುಸು ಮುಂದೆ ಯಾರೋ ಬೂಟಿನಿಂದ ಹಿಮ ಸರಿಸಿ ಏನನ್ನೋ ಮುಚ್ಚಿದ ಗುರುತಿತ್ತು. ಅವಳು ಕೈಗವಸು ತೆಗೆದು ಕೆದಕಿದಳು. ಮೊದಲು ಗುಂಡು ಸಿಕ್ಕಿತು, ಅಚ್ಚಿನಿಂದ ಈಗಷ್ಟೇ ತೆಗೆದಂತೆ ದುಂಡಗೆ. ಆಮೇಲೆ ಬಟ್ಟೆಯ ಬಿಲ್ಲೆ. ಅಂಚಿನಲ್ಲಿ ತುಸು ಮಸಿ, ನಡುವೆ ನೀಲಿ ಪಟ್ಟೆಗಳು ಹಾಗೇ ಇದ್ದವು. ಅವಳು ಅದನ್ನು ಬೆಳಕಿಗೆ ಹಿಡಿಯಲಿಲ್ಲ.

ಬಾಗಿಲು ಬಡಿದ ಸದ್ದಾಯಿತು. ಓರ್ಫಾ ಮರದ ಹತ್ತಿರ ಹೋಗಿ ತೋಳಿನಿಂದ ಹಿಮ ಒರಸಿದಳು. ಹಳೇ ತೂತುಗಳು ಒಂದರ ಪಕ್ಕ ಒಂದು ಕಂಡವು. ನಡುವಿನ ಒಂದರಲ್ಲಿ ಗುಂಡನ್ನಿಟ್ಟು, ಹೆಬ್ಬೆರಳಿನಿಂದ ಮೆತ್ತನೆಯ ಮರದೊಳಕ್ಕೆ ಒತ್ತಿದಳು.

ಡಾರ್ಲಾ ಬಂದು ಬಗ್ಗಿ ನೋಡಿದಳು. ಮರಕ್ಕೆ ಬಡಿದ ಸೀಸದ ಗುಂಡು ಚಪ್ಪಟೆಯಾಗುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಒಂದು ಬೆರಳನ್ನು ಗುಂಡಿನ ಮೇಲಿಟ್ಟಳು.

"ನಡೂಮಧ್ಯಕ್ಕೇ," ಎಂದಳು.

"ಹೂಂ," ಎಂದಳು ಓರ್ಫಾ. ಕೋಟಿನ ಜೇಬಿನಲ್ಲಿ, ಮುಚ್ಚಿದ ಅವಳ ಮುಷ್ಟಿಯೊಳಗೆ, ಬಿಲ್ಲೆಗೆ ಸವರಿದ್ದ ಕೊಬ್ಬು ಮೆಲ್ಲಗೆ ಕರಗಿ ಬೆರಳುಗಳ ನಡುವೆ ಇಳಿಯತೊಡಗಿತ್ತು.