ಒಂಬತ್ತನೆಯ ಬೊಟ್ಟು

ಬಾಚಣಿಗೆ ಕೂದಲಲ್ಲಿ ಇಳಿಯುವ ಸದ್ದು, ಸರ್ರ್, ಮತ್ತೆ ಸರ್ರ್, ಕಪಾಟಿನ ಕನ್ನಡಿಯ ಮುಂದೆ ಹರಿಣಿ ನಿಂತಿದ್ದಾಳೆ, ಸ್ವಲ್ಪ ಆಚೆ ಸರಿ ಮಗಳೇ, ಸ್ವಲ್ಪ ಬಗ್ಗು, ಎಂದು ವಾರಿಜಾ ಅಡುಗೆಮನೆಯ ಬಾಗಿಲಲ್ಲಿ ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದಳು, ಏಕೆಂದರೆ ಕನ್ನಡಿಗೆ ಅಂಟಿಸಿದ ಬೊಟ್ಟುಗಳ ಸಾಲಿನಲ್ಲಿ ಎಲ್ಲಕ್ಕಿಂತ ಮೇಲಿನದು, ಆ ಕೆಂಪು, ಹುಡುಗಿ ನೇರ ನಿಂತರೆ ಸರಿಯಾಗಿ ಅವಳ ಹಣೆಗೇ ಬರುತ್ತದೆ. ಕಾದಂಬರಿ ಬರೆಯುವುದು ಮತ್ತೆ ವಾರಿಜಕ್ಕ, ಮೊದಲು ಪ್ಲಾನ್ ಮಾಡಿ, ಎಂದಿದ್ದಳು ಮಾಟುಂಗದ ಕನ್ನಡ ಸಂಘದ ಪ್ರಫುಲ್ಲಾ, ಯಾರು ಯಾವಾಗ ಸಾಯುತ್ತಾರೆ ಅಂತ ನಿಮಗೇ ಗೊತ್ತಿಲ್ಲದಿದ್ದರೆ ಓದುವವರ ಗತಿ ಏನು. ಕಾಗದದಲ್ಲಿ ಬರೆದಿಟ್ಟರೆ ಗಂಡ ನೋಡಿ ತಮಾಷೆ ಮಾಡಿಯಾರೆಂದು ವಾರಿಜಾ ಬೊಟ್ಟು ಅಂಟಿಸಿದಳು, ಅಧ್ಯಾಯಕ್ಕೊಂದು, ಕೆಳಗಿನಿಂದ ಮೇಲಕ್ಕೆ, ಕಪ್ಪು ಎಂದರೆ ಸಂಸಾರ, ಹಸಿರು ಎಂದರೆ ಮದುವೆ, ಕೆಂಪು ಎಂದರೆ ಸಾವು, ಹೆಂಗಸರ ಕನ್ನಡಿಯಲ್ಲಿ ಬೊಟ್ಟು ಇದ್ದರೆ ಯಾರು ಕೇಳುತ್ತಾರೆ — ಆದರೂ ಅವರು ಕಂಡುಹಿಡಿದರು, ಹೋಟೆಲಿನ ಗಲ್ಲೆಯಲ್ಲಿ ಕೂತು ದುಡ್ಡು ಎಣಿಸುತ್ತ ಜನ ನೋಡಿದ ಕಣ್ಣಲ್ಲವೇ, ನನಗೆ ಎಂಥ ಪಾರ್ಟು ಮಾರಾಯ್ತಿ, ಸಾಂಬಾರ್ ಬಡಿಸುವುದಾ? ಹೋಟೆಲಿನ ಧಣಿಯದ್ದೇ ಎಂದು ಅವಳು ನಕ್ಕಿದ್ದಳು. ನಾಲ್ಕನೆಯ ಅಧ್ಯಾಯದಲ್ಲಿ ಧಣಿ ದೇವರ ಪಟಕ್ಕೆ ಹೂ ಏರಿಸುತ್ತ ಬಿದ್ದು ಸಾಯುತ್ತಾನೆಂದು ಹೇಳಲಿಲ್ಲ. ಆಷಾಢದಲ್ಲಿ ಅವರೇ ಸ್ಟೂಲಿನಿಂದ ಬಿದ್ದರು, ಕೈಯಲ್ಲಿ ಮಲ್ಲಿಗೆಯ ದಂಡೆ, ಗಲ್ಲೆಯ ಮೇಲಿನ ಕೃಷ್ಣನ ಪಟ ಒಂದಿಷ್ಟೂ ಅಲುಗದೆ ಹಾಗೆಯೇ ಇತ್ತಂತೆ, ಕೃಷ್ಣಾ, ನಾನು ಬರೆದದ್ದಲ್ಲ, ಬರೆಯಬೇಕೆಂದುಕೊಂಡದ್ದು ಅಷ್ಟೇ. ಆಸ್ಪತ್ರೆಯಿಂದ ಬಟ್ಟೆ ಒಯ್ಯಲು ಬಂದವಳು ನಾಲ್ಕನೆಯ ಬೊಟ್ಟನ್ನು ಉಗುರಿನಿಂದ ಕಿತ್ತೆಸೆದಳು, ಈ ಅಧ್ಯಾಯ ಬೇಡ, ಬದುಕಲಿ, ಎಂದು, ತಿರುಗಿ ಹೋಗುವಷ್ಟರಲ್ಲಿ ಮುಗಿದಿತ್ತು. ಕಿತ್ತದ್ದಕ್ಕೆ ಜೀವ ಹೋಯಿತೋ, ಅಂಟಿಸಿದ್ದಕ್ಕೆ ಹೋಯಿತೋ. ಅಂದಿನಿಂದ ಮೇಲಿನ ಆ ಒಂಬತ್ತನೆಯದನ್ನು ಮುಟ್ಟಿಲ್ಲ, ಕನ್ನಡಿ ಒರೆಸಿಲ್ಲ. ಒಂಬತ್ತನೆಯದರಲ್ಲಿ ಧಣಿಯ ಮಗಳು ದಾದರ್ ಸ್ಟೇಷನ್ನಿನಲ್ಲಿ ಗಾಡಿ ಬದಲಿಸುವಾಗ ಕಾಲು ಜಾರುತ್ತಾಳೆ, ಗಾಡಿಗೂ ಪ್ಲಾಟ್‌ಫಾರ್ಮಿಗೂ ನಡುವಿನ ಆ ಸಂದಿಯಲ್ಲಿ. ಹರಿಣಿ ದಿನಾ ದಾದರಿನಲ್ಲೇ ಗಾಡಿ ಬದಲಿಸುತ್ತಾಳೆ. ಓದುವವರು ಅಳಬೇಕೆಂದು ಹಾಗೆ ಇಟ್ಟದ್ದು, ಎಂಥ ಬುದ್ಧಿ ಕೊಟ್ಟೆ ದೇವರೇ.

ಅಮ್ಮಾ, ನನ್ನ ಟಿಕಲಿ ಖತಂ ಆಗಿದೆ — ಹರಿಣಿ ತಿರುಗಿ ನೋಡದೆ ಹೇಳುತ್ತಿದ್ದಾಳೆ, ಕೆಂಪು ಸೀರೆ, ದಿನಕ್ಕೊಂದು ಬಣ್ಣದ ನವರಾತ್ರಿಯಲ್ಲಿ ಇವತ್ತು ಕೆಂಪು ದಿನ, ಊರಿಡೀ ಕೆಂಪು, ಲೋಕಲ್ ಗಾಡಿಯ ಲೇಡೀಸ್ ಡಬ್ಬಿ ತುಂಬ ಕೆಂಪು — ಈ ಬೊಟ್ಟು ತಗೊಳ್ತೇನೆ ಹಾಂ, ನೀನು ಈಗ ಹಾಕುದಿಲ್ಲ ಅಲ್ವಾ? ವಾರಿಜಾ ಬಾಗಿಲು ಬಿಟ್ಟು ಎರಡು ಹೆಜ್ಜೆ ಬಂದಳು, ಬೇಡ ಎಂದರೆ ಏಕೆ ಎನ್ನುತ್ತಾಳೆ, ಏಕೆ ಎಂದು ಬಾಯಿಬಿಟ್ಟು ಹೇಳಿದರೆ ತಾನೇ ಅದನ್ನು ನಡೆಸಿದ ಹಾಗೆ, ಅಷ್ಟರಲ್ಲಿ ಉಗುರು ಕನ್ನಡಿಗೆ ತಾಗಿ ಕಿಟ್ ಎಂದಿತು. ಕೆಂಪು ಬೊಟ್ಟು ಹಣೆಗೆ ಬಂತು. ಚೆಂದ ಉಂಟಾ? ಉಂಟು. ಇವತ್ತು ಟ್ಯಾಕ್ಸಿಯಲ್ಲಿ ಹೋಗು ಮಗಾ. ಪಾಗಲ್ ಹೇ ಕ್ಯಾ ಅಮ್ಮಾ, ಅಂಧೇರಿಯವರೆಗೆ? ತಲುಪಿದ ಕೂಡಲೇ ಫೋನು. ರೋಜ್ ಮಾಡ್ತೇನಲ್ಲ. ಬಾಗಿಲು, ಮೆಟ್ಟಿಲಲ್ಲಿ ಚಪ್ಪಲಿ, ಆಮೇಲೆ ಸಯನ್ ಸ್ಟೇಷನ್ನಿನ ಕಡೆಯಿಂದ ಗಾಡಿಯ ಕೂಗು, ಅವಳದ್ದೋ, ಹಿಂದಿನದ್ದೋ. ವಾರಿಜಾ ಕನ್ನಡಿಯ ಮುಂದೆ ಬಂದಳು. ಬೊಟ್ಟಿದ್ದಲ್ಲಿ ಗೋಂದಿನ ಒಂದು ಉಂಗುರ ಉಳಿದಿದೆ, ಮಸುಕು, ದುಂಡಗೆ. ಪ್ಲಾನ್ ಬದಲಿಸಬಹುದು ವಾರಿಜಕ್ಕ, ಬರೆಯುವವರೆಗೂ ಎಲ್ಲ ಬದಲಿಸಬಹುದು, ಅದನ್ನೂ ಪ್ರಫುಲ್ಲಾಳೇ ಹೇಳಿದ್ದಳಲ್ಲ, ಹಾಗಾದರೆ ಒಂಬತ್ತನೆಯದರಲ್ಲಿ ಮಗಳು ತಲುಪಲಿ, ಮಗಳು ಫೋನು ಮಾಡಲಿ, ಆ ಕೆಂಪಿಗೆ ಮಗಳ ಬದಲು ತಾಯಿ ಇರಲಿ, ತಾಯಿಗೆ ವಯಸ್ಸಾಗಿದೆ, ಯಾರೂ ಅಳಬೇಕಾಗಿಲ್ಲ, ಕೃಷ್ಣಾ, ಇಷ್ಟು ತಿದ್ದುವುದಕ್ಕೆ ಬಿಡು. ಮಗಳು ಎತ್ತರ, ಉಂಗುರ ಮೇಲಿದೆ, ವಾರಿಜಾ ಹಿಮ್ಮಡಿ ಎತ್ತಿದಳು, ಇನ್ನೂ ಸ್ವಲ್ಪ, ಕಪಾಟು ಹಿಡಿದು ಇನ್ನೂ ಸ್ವಲ್ಪ, ಈಗ ಉಂಗುರ ಅವಳ ಬರಿ ಹಣೆಯ ಮೇಲೆ ಕೂತಿದೆ, ಮೀನಖಂಡ ನಡುಗುತ್ತಿದೆ, ಫೋನು ಬರುವವರೆಗೆ ಹಿಮ್ಮಡಿ ಇಳಿಸಬಾರದು, ಇಳಿಸಿದರೆ ಉಂಗುರ ಖಾಲಿಯಾಗುತ್ತದೆ, ಖಾಲಿಯಾದರೆ ಅಲ್ಲಿ ಯಾರು, ಇನ್ನೊಂದು ಗಾಡಿ ಹೋಯಿತು, ಕನ್ನಡಿ ಸಣ್ಣಗೆ ಅದುರಿತು, ಉಂಗುರ ಹಣೆಯಿಂದ ಜಾರಿ ಮತ್ತೆ ಹಣೆಗೆ ಬಂತು, ಉಂಗುರ, ಹಣೆ, ಉಂಗುರ