ಹದಿನಾಲ್ಕನೇ ನಂಬರಿನ ಉತ್ತರ

ಮಮತಾ ಮೇಡಂ ದಿನಾ ಶಿಕಾರಿಪುರದಿಂದ ಬಸ್ಸಿನಲ್ಲಿ ಬಂದು, ಸೊರಬದ ದಾರಿಯಲ್ಲಿರುವ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಏಳನೇ ತರಗತಿಗೆ ವಿಜ್ಞಾನ ಹೇಳಿಕೊಡುತ್ತಿದ್ದರು. ವರ್ಷದ ಆರಂಭದಲ್ಲಿ ಅವರು ಪ್ರಶ್ನೆಗಳನ್ನು ವಾಟ್ಸಾಪ್ ಗುಂಪಿಗೆ ಕಳಿಸಿ ನೋಡಿದ್ದರು. ಮನೆಯಲ್ಲಿ ಒಳ್ಳೆಯ ಫೋನಿದ್ದ ಎಂಟು ಮಕ್ಕಳು ಉತ್ತರ ಕಳಿಸಿದರು. ಉಳಿದ ಇಪ್ಪತ್ಮೂರು ಮಕ್ಕಳು ಮರುದಿನ ತಲೆ ತಗ್ಗಿಸಿ ಕೂತರು. ಅದು ಮಮತಾಗೆ ಸರಿ ಕಾಣಲಿಲ್ಲ.

ಸೊರಬದಲ್ಲಿ ನಡೆದ ಒಂದು ತರಬೇತಿಯಲ್ಲಿ ಅವರಿಗೆ ಬೇರೆ ಉಪಾಯ ಸಿಕ್ಕಿತು. ಪ್ರತಿ ಮಗುವಿಗೂ ಒಂದು ರಟ್ಟಿನ ಕಾರ್ಡು. ಅದರ ಮೇಲೆ ಕಪ್ಪು ಚೌಕಗಳ ಒಂದು ಚಿತ್ರ, ಒಬ್ಬೊಬ್ಬರದು ಒಂದೊಂದು ಥರ. ನಾಲ್ಕು ಅಂಚಿಗೆ ಸಣ್ಣದಾಗಿ ಎ, ಬಿ, ಸಿ, ಡಿ. ಯಾವ ಅಕ್ಷರ ಮೇಲೆ ಬರುವಂತೆ ಹಿಡಿಯುತ್ತಾರೋ ಅದೇ ಉತ್ತರ. ಮೇಡಂ ತಮ್ಮ ಫೋನಿನ ಕ್ಯಾಮೆರಾವನ್ನು ತರಗತಿಯ ಈ ತುದಿಯಿಂದ ಆ ತುದಿಗೆ ತಿರುಗಿಸಿದರೆ ಸಾಕು, ಯಾರು ಏನು ಉತ್ತರಿಸಿದರೆಂದು ಪರದೆಯ ಮೇಲೆ ಬರುತ್ತಿತ್ತು. ಮಕ್ಕಳಿಗೆ ಫೋನು ಬೇಡ, ಮನೆಯಲ್ಲಿ ನೆಟ್‌ವರ್ಕೂ ಬೇಡ. ಮುಂದಿನ ಬೆಂಚಿನ ತೀರ್ಥೇಶ್ ಎಲ್ಲರಿಗಿಂತ ಮೊದಲು ಉತ್ತರ ಕಿರುಚುವುದೂ ನಿಂತಿತು.

ಚೈತ್ರಳಿಗೆ ಸಿಕ್ಕಿದ್ದು ಹದಿನಾಲ್ಕನೇ ನಂಬರಿನ ಕಾರ್ಡು. ಅವಳದು ಕುರಿ ಸಾಕುವ ಮನೆ. ಕಾರ್ಡನ್ನು ಮನೆಗೆ ಒಯ್ದು ಅಜ್ಜಿ ದುರ್ಗಮ್ಮನಿಗೆ ತೋರಿಸಿದಳು. ದುರ್ಗಮ್ಮ ಅದೇ ವಾರ ಕುರಿಗಳ ಉಣ್ಣೆ ಕತ್ತರಿಸಿ ಗುರುತು ಹಾಕಲು ಕೂತಿದ್ದಳು. ಪ್ರತಿ ವರ್ಷ ಕೆಂಪು ಗೀಟು ಹಾಕುವುದು, ಪಕ್ಕದ ಕಲ್ಲಪ್ಪನೂ ಕೆಂಪು ಗೀಟೇ ಹಾಕುವುದು, ಆಮೇಲೆ ಎರಡು ಮಂದೆ ಬೆರೆತು ಜಗಳವಾಗುವುದು ವಾಡಿಕೆ.

"ಇದು ಚಲೋ ಐತಲ್ಲೇ," ಅಂದಳು ದುರ್ಗಮ್ಮ. "ಇಂಥಾ ಗುರ್ತು ಆ ಕಲ್ಲಪ್ಪನ ಅಪ್ಪನಿಗೂ ಬರೆಯಾಕೆ ಬರಲ್ಲ."

ಮೊಮ್ಮಗಳು ಬೇಡ ಬೇಡ ಅನ್ನುವಷ್ಟರಲ್ಲಿ ಅಜ್ಜಿ ರಟ್ಟಿನ ಕಪ್ಪು ಭಾಗವನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಕುರಿಯ ಮೈಗೆ ಒತ್ತಿ ಹಿಡಿದು, ಮೇಲಿಂದ ಕರಿ ಬಣ್ಣ ಬಳಿದಳು. ಸಂಜೆಯೊಳಗೆ ಹದಿನೆಂಟು ಬಿಳಿ ಕುರಿಗಳ ಪಕ್ಕೆಯ ಮೇಲೆ ಹದಿನಾಲ್ಕನೇ ನಂಬರು ಮೂಡಿತು. ಎಲ್ಲದರಲ್ಲೂ ಎ ಅಕ್ಷರದ ಅಂಚೇ ಮೇಲೆ. ಮಾರನೇ ದಿನ ಚೈತ್ರ ಚಿಕ್ಕಮ್ಮನ ಮನೆಯ ಮದುವೆಗೆಂದು ಸೊರಬಕ್ಕೆ ಹೋದಳು.

ಆ ಶನಿವಾರ ಮಮತಾ ಹತ್ತು ಪ್ರಶ್ನೆಗಳ ಪರೀಕ್ಷೆ ಮಾಡಿದರು. ಫಲಿತಾಂಶ ನೇರವಾಗಿ ತಮ್ಮ ಫೋನಿಗೂ ಬರಬೇಕೆಂದು ಹೆಡ್‌ಮಾಸ್ತರ್ ಸದಾಶಿವಪ್ಪನವರು ಮೊದಲೇ ಹೇಳಿ ಮಾಡಿಸಿಕೊಂಡಿದ್ದರು. ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಅವರು ಕನ್ನಡಕ ಏರಿಸಿ ಘೋಷಿಸಿದರು: "ಏಳನೇ ಕ್ಲಾಸಿನ ಚೈತ್ರ, ಹತ್ತಕ್ಕೆ ಹತ್ತು! ಚಪ್ಪಾಳೆ!"

"ಸರ್, ಅವಳು ಶನಿವಾರ ಬಂದೇ ಇಲ್ಲ ಸರ್!" ಎಂದು ಮಕ್ಕಳು ಕೂಗಿದರು.

"ಬರದೇನೇ ಹತ್ತಕ್ಕೆ ಹತ್ತು ತಗೊಂಡಾಳೆ. ನೀವು ಬಂದು ಏನ್ ಕಡಿದು ಹಾಕಿದ್ರಿ?" ಎಂದು ಗದರಿದ ಮೇಲೆಯೇ ಸದಾಶಿವಪ್ಪನವರಿಗೆ ತಾವು ಹೇಳಿದ್ದು ಏನೆಂದು ಹೊಳೆಯಿತು. ಅವರು ಮಮತಾ ಕಡೆ ತಿರುಗಿದರು. ಮಮತಾ ಫೋನು ನೋಡಿದರು. ಅವರೂ ಬೆಪ್ಪಾದರು.

ಬೇರೆ ಯಾರೋ ಅವಳ ಕಾರ್ಡು ಹಿಡಿದಿರಬೇಕೆಂದು ಹೆಡ್‌ಮಾಸ್ತರ್ ದುರ್ಗಮ್ಮನನ್ನು ಕರೆಸಿದರು. ಅವಳೇನೂ ದೂರದಲ್ಲಿರಲಿಲ್ಲ. ಶಾಲೆಯ ಹಿಂದಿನ ವೀರಬಸಪ್ಪನ ಹೊಲದಲ್ಲಿ ಮೆಕ್ಕೆಜೋಳ ಮುರಿದಾಗಿತ್ತು, ಅಲ್ಲೇ ಒಂದು ವಾರದಿಂದ ಕುರಿ ಮೇಯಿಸುತ್ತಿದ್ದಳು. ಕೈಯಲ್ಲಿ ಕೋಲು ಹಿಡಿದೇ ತರಗತಿಯೊಳಗೆ ಬಂದಳು.

"ಅಕ್ಕೋರೆ, ನಮ್ ಹುಡುಗಿ ಸೊರಬದಾಗೆ ಹೋಳಿಗೆ ತಿಂತಾ ಕುಂತಾಳೆ. ಕಾರ್ಡು ನಾನೇ ಕತ್ತರಿಸಿ ಹಾಳು ಮಾಡಿದೀನಿ. ಇನ್ಯಾರು ಹಿಡೀತಾರ್ರೀ ಅದನ್ನ?"

"ಹಾಗಾದ್ರೆ ಇನ್ನೊಂದ್ಸಲ ನೋಡೇ ಬಿಡೋಣ," ಅಂದರು ಮಮತಾ. ಮಕ್ಕಳ ಕೈಗೆ ಕಾರ್ಡು ಕೊಟ್ಟು ಶನಿವಾರದ ಮೊದಲ ಪ್ರಶ್ನೆಯನ್ನೇ ಓದಿದರು. "ಗಿಡ ತನ್ನ ಆಹಾರ ತಯಾರಿಸೋದು ಎಲ್ಲಿ? ಎ, ಎಲೆ. ಬಿ, ಬೇರು. ಸಿ, ಹೂ. ಡಿ, ಮಡಕೆ."

ಫೋನು ನಿಧಾನವಾಗಿ ತಿರುಗಿತು. ಹಿಂದಿನ ಸಾಲು ದಾಟಿ ಕಿಟಕಿಯ ಹತ್ತಿರ ಬಂದಾಗ ಪರದೆಯ ಮೇಲೆ ಹಸಿರು ಅಕ್ಷರ ಮೂಡಿತು: ಚೈತ್ರ, ಎ, ಸರಿ.

ಮಮತಾ ಫೋನು ಕೆಳಗಿಳಿಸಿದರು. ಕಿಟಕಿಯಾಚೆ ಒಂದು ಕುರಿ ಅಡ್ಡಲಾಗಿ ನಿಂತು ಜೋಳದ ಗರಿ ಜಗಿಯುತ್ತಿತ್ತು. ಅದರ ಹಿಂದೆ ಇನ್ನೊಂದು. ಅದರ ಹಿಂದೆ ಮತ್ತೊಂದು.

ತರಗತಿಯಲ್ಲಿ ಯಾರಿಗೂ ನಗು ತಡೆಯಲಾಗಲಿಲ್ಲ. ದುರ್ಗಮ್ಮ ಮಾತ್ರ ಗಂಭೀರವಾಗಿ, "ಎಲೆ ಅಂತ ಅದಕ್ಕೆ ಗೊತ್ತಾಗ್ದೇ ಇರ್ತೈತಾ? ದಿನಾ ತಿನ್ನೋದೇ ಅದನ್ನ," ಎಂದಳು.

"ಇದೊಂದು ಪ್ರಶ್ನೆ ಸರಿ ಕಣಮ್ಮಾ," ಅಂದರು ಸದಾಶಿವಪ್ಪನವರು. "ವಿದ್ಯುತ್ತಿನ ಪ್ರಶ್ನೆಗೂ ಸರಿ ಹೇಳೈತಲ್ಲ, ಅದು ಹೆಂಗೆ?"

ಹೆಡ್‌ಮಾಸ್ತರರ ಈ ಮಾತು ಕೇಳಿ ಮಮತಾರ ನಗು ನಿಂತಿತು. ಅವರು ಹತ್ತು ಪ್ರಶ್ನೆಗಳನ್ನೂ ಒಂದೊಂದಾಗಿ ತೆಗೆದು ನೋಡಿದರು. ಹತ್ತಕ್ಕೂ ಸರಿ ಉತ್ತರ ಎ. ಬಸ್ಸಿನಲ್ಲಿ ಕುಲುಕಾಡುತ್ತಾ ಪ್ರಶ್ನೆ ತುಂಬಿಸುವಾಗ ಸರಿ ಉತ್ತರವನ್ನು ಮೊದಲು ಬರೆದು, ಆಮೇಲೆ ಕಲೆಸೋಣ ಅಂದುಕೊಂಡು, ಮರೆತುಬಿಟ್ಟಿದ್ದರು. ಕುರಿ ನಿಂತ ಹಾಗೇ ನಿಂತು ಪಾಸಾಗಿತ್ತು.

ಅವರು ಮತ್ತೆ ಪಟ್ಟಿ ನೋಡಿದರು. ತೀರ್ಥೇಶನಿಗೆ ಒಂಬತ್ತು. ಯಾವಾಗಲೂ ಯೋಚಿಸಿ ಉತ್ತರಿಸುವ ಮಧುಶ್ರೀಗೆ ನಾಲ್ಕು.

"ತೀರ್ಥೇಶ್, ನೀನು ಹೇಗೋ ಉತ್ತರಿಸಿದೆ?"

"ತಿರುಗ್ಸಾಕೆ ಬೇಜಾರಾಯ್ತು ಮಿಸ್. ಹಂಗೇ ಹಿಡ್ಕಂಡಿದ್ದೆ. ಒಂದ್ಸಲ ಕೆಳಗೆ ಬಿತ್ತು."

"ಮಧುಶ್ರೀ, ನೀನು?"

ಮಧುಶ್ರೀ ಎದ್ದು ನಿಂತಳು. "ಮೊದಲ್ನೇ ನಾಕಕ್ಕೂ ಎ ಬಂತು ಮಿಸ್. ಐದನೇದೂ ಎ ಅನ್ನಿಸ್ತು. ಮಿಸ್ ಹಿಂಗೆಲ್ಲಾ ಒಂದೇ ಸಮ ಎ ಕೊಡಲ್ಲ, ನಂದೇ ತಪ್ಪಿರ್ಬೇಕು ಅಂತ ಆಮೇಲೆ ಎಲ್ಲಾ ಬೇರೆ ಹಿಡಿದೆ."

ಮಮತಾ ಮಧುಶ್ರೀಯ ಹತ್ತಿರ ಹೋದರು. ತಮ್ಮ ಮೇಲೆ ನಂಬಿಕೆ ಇಟ್ಟ ಹುಡುಗಿಗೆ ನಾಲ್ಕು, ಜೋಳದ ಗರಿ ತಿನ್ನುವ ಕುರಿಗೆ ಹತ್ತು. "ತಪ್ಪು ನಿಂದಲ್ಲಮ್ಮ, ನಂದು," ಎಂದು ಎಲ್ಲರ ಮುಂದೆ ಹೇಳಿ, ಆ ಪರೀಕ್ಷೆಯನ್ನೇ ರದ್ದು ಮಾಡಿದರು.

ಅಂದಿನಿಂದ ಅವರು ಉತ್ತರಗಳನ್ನು ಕಲೆಸಿಯೇ ಬಸ್ಸು ಇಳಿಯುತ್ತಿದ್ದರು. ಕಾರ್ಡು ಎತ್ತುವ ಮೊದಲು ಯೋಚಿಸಲು ಸಮಯ ಕೊಡುತ್ತಿದ್ದರು. ಫೋನು ತಿರುಗಿಸಿದ ಮೇಲೆ ಒಬ್ಬಿಬ್ಬರನ್ನು ಎಬ್ಬಿಸಿ "ಯಾಕೆ?" ಎಂದು ಕೇಳುತ್ತಿದ್ದರು. ಈ ಯಾಕೆ ಎಂಬುದಕ್ಕೆ ತೀರ್ಥೇಶನ ಹತ್ತಿರವೂ ಉತ್ತರವಿರಲಿಲ್ಲ, ಕುರಿಯ ಹತ್ತಿರವೂ ಇರಲಿಲ್ಲ.

ಗುರುವಾರ ಚೈತ್ರ ಸೊರಬದಿಂದ ಬಂದಳು. ಸುದ್ದಿ ಕೇಳಿದ್ದೇ ಓಡಿ ಬಂದು, "ಮಿಸ್, ನಮ್ ಕುರಿ ಮಾರ್ಕ್ಸು ನಂಗೇ ಬರ್ಬೇಕಲ್ವಾ?" ಎಂದಳು.

"ಪರೀಕ್ಷೆನೇ ಇಲ್ಲ, ಮಾರ್ಕ್ಸೆಲ್ಲಿಂದ ಬಂತು? ಮೊದಲು ನಿಮ್ಮಜ್ಜಿಗೆ ಹೇಳಿ ಕುರಿ ತೊಳೆಸು."

"ಮುಂದಿನ ಉಣ್ಣೆ ಕತ್ತರಿಸೋವರೆಗೂ ಅದು ಹೋಗಲ್ವಂತೆ."

ಹಾಗಾಗಿ ಚೈತ್ರಳಿಗೆ ಮೂವತ್ತೆರಡನೇ ನಂಬರಿನ ಹೊಸ ಕಾರ್ಡು ಸಿಕ್ಕಿತು. ಹದಿನಾಲ್ಕನೇ ನಂಬರು ಕುರಿಗಳ ಹೆಸರಿನಲ್ಲೇ ಉಳಿಯಿತು. ಉತ್ತರಗಳನ್ನು ಸರಿಯಾಗಿ ಕಲೆಸಿದೆಯೋ ಇಲ್ಲವೋ ತಿಳಿಯಲು ಅದೇ ಒಳ್ಳೆಯದೆಂದು ಸದಾಶಿವಪ್ಪನವರೂ ಒಪ್ಪಿದರು. ಮುಂದಿನ ಶನಿವಾರ ಮಧುಶ್ರೀಗೆ ಎಂಟು, ಚೈತ್ರಳಿಗೆ ಏಳು, ಕುರಿಗೆ ಮೂರು ಬಂತು. ಒಂದು ಮರಿ ಬೇಲಿಯ ಮೇಲೆ ಮುಂಗಾಲಿಟ್ಟಾಗ ಗುರುತು ತಿರುಗಿ ಎ ಬದಲು ಬೇರೆ ಅಕ್ಷರ ಮೇಲೆ ಬಂದಿದ್ದರಿಂದ ಮೂರನೆಯ ಅಂಕ ಸಿಕ್ಕಿತ್ತು. ತೀರ್ಥೇಶನಿಗೆ ಎರಡು.

ಅವನು ಬಿಡುವಿನಲ್ಲಿ ಮೆಲ್ಲಗೆ ಮೇಡಂ ಹತ್ತಿರ ಬಂದ. "ಮಿಸ್, ಕುರಿಗಿಂತ ಕಮ್ಮಿ ಬಂತು ಅಂತ ನಮ್ಮನೇಲಿ ಹೇಳ್ಬೇಡಿ ಮಿಸ್. ಸೋಮವಾರದಿಂದ ಓದ್ತೀನಿ."

ಮಮತಾ ಹೇಳಲಿಲ್ಲ. ಕಿಟಕಿಯ ಹತ್ತಿರ ನಿಂತು ತನ್ನ ಮಂದೆಯ ಅಂಕವನ್ನೂ ತೀರ್ಥೇಶನ ಅಂಕವನ್ನೂ ಕೇಳಿಕೊಂಡ ದುರ್ಗಮ್ಮ, ಹೋಗುವ ದಾರಿಯಲ್ಲಿ ಸಿಕ್ಕ ಸಿಕ್ಕವರಿಗೆಲ್ಲ ಹೇಳಿದಳು.