ಅಮೀರಬಿ ಹೇಳಿದ ಸಿನಿಮಾ

ಸಾವಿತ್ರೆವ್ವನಿಗೆ ಹಿಂದಿ ಒಂದಕ್ಷರ ಬರುತ್ತಿರಲಿಲ್ಲ. ಹಾಗಂತ ಬೈಲಹೊಂಗಲದ ಟಾಕೀಜಿಗೆ ಬಂದ ಹಿಂದಿ ಸಿನಿಮಾಗಳನ್ನು ಬಿಟ್ಟವಳೂ ಅಲ್ಲ. ಪಕ್ಕದ ಮನೆಯ ಅಮೀರಬಿ ಇರುವಾಗ ಭಾಷೆಯ ಚಿಂತೆ ಯಾಕೆ? ಟೆಂಪೊ ಓಡಿಸುವ ಹಜರತಸಾಬನ ಹೆಂಡತಿ ಈ ಅಮೀರಬಿ ಹೆಂಗಸರ ಸಾಲಿನ ನಟ್ಟನಡುವೆ ಕೂತು, ಪರದೆಯ ಮೇಲಿನವರು ಬಾಯಿ ಮುಚ್ಚುವಷ್ಟರಲ್ಲಿ ಅವರ ಮಾತನ್ನು ಕನ್ನಡಕ್ಕೆ ತಂದು ಇಡುತ್ತಿದ್ದಳು. ಮುಂದಿನ ಸಾಲಿನವರು ಹಿಂದಕ್ಕೆ ವಾಲುತ್ತಿದ್ದರು, ಹಿಂದಿನವರು ಮುಂದಕ್ಕೆ ಬಾಗುತ್ತಿದ್ದರು. ಮುಂಬಯಿಯ ಸಿರಿವಂತರು ಅವಳ ಬಾಯಲ್ಲಿ ಜೋಳದ ರೊಟ್ಟಿ ಉಣ್ಣುತ್ತಿದ್ದರು, ಹೆಣ್ಣುಮಕ್ಕಳ ಸೆರಗಿಗೆ ಏನು ಬಿದ್ದರೂ ಅದು ಉಡಿ ತುಂಬಿದ ಲೆಕ್ಕ. ಅವಳು ಬಾರದ ದಿನ ಅರ್ಧಕ್ಕೇ ಎದ್ದು ಮನೆಗೆ ಬಂದವರಿದ್ದಾರೆ.

ಆದರೆ ತೊಂಬತ್ತೊಂಬತ್ತನೆಯ ಇಸವಿಯಲ್ಲಿ ಸಾವಿತ್ರೆವ್ವನಿಗೆ ಸಿನಿಮಾ ಬೇಡವಾಗಿತ್ತು. ಒಬ್ಬಳೇ ಮಗಳು ಅನ್ನಪೂರ್ಣಾ ಹೊಲಿಗೆ ಕಲಿಯಲು ಹೋದಲ್ಲಿ ಟೇಲರ್ ಸುಭಾಸನನ್ನು ಮೆಚ್ಚಿ, ಬೆಳಗಾವಿಯಲ್ಲಿ ರಿಜಿಸ್ಟರ್ ಮದುವೆಯಾಗಿ, ಕಿತ್ತೂರಿನಲ್ಲಿ ಸಂಸಾರ ಹೂಡಿ ಎರಡು ವರ್ಷವಾಗಿತ್ತು. ಹುಡುಗ ಒಳ್ಳೆಯವನೇ, ಕೈಯಲ್ಲಿ ಕೆಲಸ ಇದ್ದವನು. ಅದು ಸಾವಿತ್ರೆವ್ವನಿಗೂ ಗೊತ್ತು. ಹಡೆದ ತಾಯಿಯನ್ನು ಒಂದು ಮಾತು ಕೇಳಲಿಲ್ಲ ಎಂಬುದಷ್ಟೇ ಸಿಟ್ಟು. ಮದುವೆಯಾದ ಮೂರನೆಯ ದಿನ ಇಬ್ಬರೂ ಕಾಲಿಗೆ ಬೀಳಲು ಬಂದಾಗ ಒಳಗಿನಿಂದ ಅಗಳಿ ಹಾಕಿದ್ದಳು. ಅಂದಿನಿಂದ ಮನೆಯಲ್ಲಿ ಮಗಳ ಹೆಸರು ಎತ್ತುವಂತಿರಲಿಲ್ಲ.

ಗಂಡ ದುಂಡಪ್ಪ ಅದಕ್ಕೊಂದು ದಾರಿ ಹುಡುಕಿಕೊಂಡಿದ್ದ. ಕದ್ದು ಕಿತ್ತೂರಿಗೆ ಹೋಗಿ ಬಂದವನು ಹಿತ್ತಲಲ್ಲಿ ಎಮ್ಮೆಯ ಮುಂದೆ ನಿಂತು, ಅಡಿಗೆಮನೆಗೆ ಕೇಳುವ ಹಾಗೆ ಸುದ್ದಿ ಹೇಳುತ್ತಿದ್ದ.

"ನಮ್ಮ ಬಸರಿ ಹುಡಗಿಗೆ ಏಳರಾಗ ಬಿದ್ದೈತಿ ನೋಡವಾ. ಕುಬಸಾ ಆಗಬೇಕು. ತವರವರು ಹಸರ ಸೀರಿ ಒಯ್ಯಬೇಕು, ಉಡಿ ತುಂಬಬೇಕು. ಆಕಿಗಿ ಯಾರ ಒಯ್ಯತಾರೋ ಏನೋ."

ಎಮ್ಮೆ ಮೆಲುಕು ಹಾಕುತ್ತಿತ್ತು. ಒಳಗೆ ಸಾವಿತ್ರೆವ್ವನ ರೊಟ್ಟಿ ಹಂಚಿನ ಮೇಲೆ ಸೀಯುತ್ತಿತ್ತು. ಹೋಗಬೇಕೆಂಬ ಆಸೆ ಅವಳಿಗೂ ಇತ್ತು. ಪೇಟೆಗೆ ಹೋಗಿ ಹಸಿರು ಸೀರೆಯನ್ನು ತಂದು ಟ್ರಂಕಿನ ತಳದಲ್ಲಿ ಇಟ್ಟೂ ಇದ್ದಳು. ಆದರೆ ಹೋಗಿ ಹೊಸ್ತಿಲಲ್ಲಿ ನಿಂತು ಮೊದಲು ಏನು ಹೇಳುವುದು? ಆ ಒಂದು ಮಾತು ಅವಳಿಗೆ ಸಿಗುತ್ತಿರಲಿಲ್ಲ. ಈ ಏಳನೆಯ ತಿಂಗಳು ದಾಟಿದರೆ ಬಸುರಿಯ ಕುಬಸದ ಹೊತ್ತು ಮುಗಿಯುತ್ತಿತ್ತು.

ಎಮ್ಮೆಗೆ ಹೇಳಿದ್ದು ಗೋಡೆಯಾಚೆಗೂ ಕೇಳುತ್ತಿತ್ತು. ಶುಕ್ರವಾರ ಅಮೀರಬಿ ಬಂದು ಕೈ ಹಿಡಿದು ಎಬ್ಬಿಸಿದಳು. "ತಾಯಿ ಮಗಳ ಸಿನಿಮಾ ಅಂತ್ರೀ ಅಕ್ಕಾರ. ಏಳ್ರಿ, ಮ್ಯಾಟಿನಿಗೆ ಹೊತ್ತಾತು."

ಸಿನಿಮಾ ಸಾವಿತ್ರೆವ್ವನ ಮನೆಯ ಕತೆಯನ್ನೇ ಕದ್ದ ಹಾಗಿತ್ತು. ದೊಡ್ಡ ಬಂಗಲೆಯ ತಾಯಿ, ಮೆಚ್ಚಿದವನ ಹಿಂದೆ ಹೋದ ಮಗಳು. ಕೊನೆಗೆ ಒಂದು ಗುಡಿಯ ಅಂಗಳದಲ್ಲಿ ಇಬ್ಬರೂ ಎದುರಾದರು. ಮಗಳು ತಲೆ ತಗ್ಗಿಸಿ ನಿಂತಳು. ತಾಯಿ ಕಣ್ಣೀರು ಸುರಿಸುತ್ತ ಉದ್ದಕ್ಕೆ ಮಾತಾಡಿದಳು. ಎಂದೂ ಪರದೆಯಿಂದ ಕಣ್ಣು ಕೀಳದ ಅಮೀರಬಿ ಅಲ್ಲಿ ಮಾತ್ರ ಸಾವಿತ್ರೆವ್ವನ ಕಡೆ ತಿರುಗಿ ನೋಡಿದಳು. ಆಮೇಲೆ ಮೆಲ್ಲಗೆ ಹೇಳಿದಳು. "ತಪ್ಪು ನಂದ ಮಗಳ. ನೀ ಕೇಳಲಿಲ್ಲಂತ ಸಿಟ್ಟ ಮಾಡಿದೆ. ನೀ ಬಂದಾಗ ಬಾಗಲಾ ಹಾಕಿದಾಕಿ ನಾನ. ಹಾಕಿದಾಕಿನ ಬಂದು ತಗೀಬೇಕಲಾ."

ಸಾವಿತ್ರೆವ್ವ ಸೆರಗನ್ನು ಬಾಯಿಗೊತ್ತಿಕೊಂಡು ಅತ್ತಳು. ಅಷ್ಟು ದೊಡ್ಡ ಬಂಗಲೆಯವಳೇ ಇಷ್ಟು ಹೇಳಿದ ಮೇಲೆ ನನ್ನದೇನು ದೊಡ್ಡಸ್ತಿಕೆ ಎನಿಸಿತು. ಮರುದಿನ ಮುಂಜಾನೆ ಟ್ರಂಕಿನಿಂದ ಸೀರೆ ತೆಗೆದು, ಹಸಿರು ಬಳೆ, ಕೊಬ್ಬರಿ, ಉತ್ತತ್ತಿ ಕಟ್ಟಿಕೊಂಡು ದುಂಡಪ್ಪನ ಜೊತೆ ಕಿತ್ತೂರಿನ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಆ ಮಾತನ್ನು ಬಾಯಿಪಾಠ ಮಾಡಿದಳು. ಮಗಳ ಹೊಸ್ತಿಲಲ್ಲಿ ನಿಂತು ಸಾಲೆಯ ಹುಡುಗಿಯ ಹಾಗೆ ಒಂದೂ ಬಿಡದೆ ಒಪ್ಪಿಸಿದಳು. ಅನ್ನಪೂರ್ಣಾ ತುಂಬಿದ ಹೊಟ್ಟೆಯಲ್ಲೇ ಓಡಿ ಬಂದು ತೆಕ್ಕೆಬಿದ್ದಳು. ಸುಭಾಸ ಏನು ಮಾಡಬೇಕೆಂದು ತಿಳಿಯದೆ, ಹೊಲಿಯುತ್ತಿದ್ದ ಜಂಪರನ್ನು ಹಿಡಿದುಕೊಂಡೇ ಅತ್ತೆಯ ಕಾಲಿಗೆ ಬಿದ್ದ.

ಕುಬಸ ಆಯಿತು. ಮಗಳು ತವರಿಗೆ ಬಂದಳು, ಹೆಣ್ಣು ಕೂಸು ಹಡೆದಳು. ಕೂಸಿಗೆ ಎರಡು ತಿಂಗಳಾಗಿದ್ದಾಗ ಒಂದು ಮಧ್ಯಾಹ್ನ ಕೇಬಲ್‌ನವನು ಅದೇ ಸಿನಿಮಾ ಹಾಕಿದ. ಅನ್ನಪೂರ್ಣಾ ಹೊರಸಿನ ಮೇಲಿದ್ದಳು, ಕೂಸು ಅಮೀರಬಿಯ ತೊಡೆಯ ಮೇಲಿತ್ತು. ಗುಡಿಯ ಅಂಗಳ ಬಂದದ್ದೇ ಸಾವಿತ್ರೆವ್ವ ಸರಿದು ಕೂತಳು.

"ಈಗ ಕೇಳ ನೋಡು, ಆ ತಾಯಿ ಎಂಥಾ ಮಾತ ಆಡತಾಳ. ನಿನ್ನ ಬಾಗಲದಾಗ ನಿಂತು ನಾ ಅಂದದ್ದು ಇದನ."

ಅನ್ನಪೂರ್ಣಾ ಸಾಲೆಯಲ್ಲಿ ಹಿಂದಿ ಕಲಿತವಳು. ಕೇಳಿ ಹುಬ್ಬು ಗಂಟಿಕ್ಕಿದಳು. "ಯವ್ವಾ, ನೀ ಅಂದಂಗ ಆಕಿ ಅನ್ನಲಿಲ್ಲ. ಮಾಫ್ ಮಾಡೇನಿ, ಆದ್ರ ನೀ ಮಾಡಿದ್ದು ಸಾಯೂತನಕ ಮರಿಯಾಂಗಿಲ್ಲ, ಅಂತಾಳ ಆಕಿ."

ಸಾವಿತ್ರೆವ್ವ ಅಮೀರಬಿಯ ಕಡೆ ತಿರುಗಿದಳು. ಅಮೀರಬಿಗೆ ಅದೇ ಹೊತ್ತಿಗೆ ಕೂಸಿನ ತಲೆಯ ಕುಂಚಿಗೆ ಸರಿಮಾಡುವ ಕೆಲಸ ಬಿತ್ತು.

"ಆಕಿ ಹಂಗ ಅನಬೇಕಾಗಿತ್ರೀ ಅಕ್ಕಾರ," ಎಂದಳು ತಲೆ ಎತ್ತದೆ. "ಅನಲಿಲ್ಲ. ನಾ ಏನ ಮಾಡಲಿ?"

ಸಾವಿತ್ರೆವ್ವನ ಮುಖ ಬಿಸಿಯಾಯಿತು. ಹಾಗಾದರೆ ಲೋಕದಲ್ಲಿ ಯಾವ ತಾಯಿಯೂ ಆಡದ ಮಾತನ್ನು ತಾನೊಬ್ಬಳೇ ಕಿತ್ತೂರಿಗೆ ಹೊತ್ತುಕೊಂಡು ಹೋಗಿದ್ದಳೇ? ಸಿಟ್ಟು ಮೂಗಿನ ತುದಿಗೆ ಬಂದಿತ್ತು. ಅಷ್ಟರಲ್ಲಿ ಇನ್ನೊಂದು ಯೋಚನೆ ಬಂತು. ಬಂಗಲೆಯವಳ ಮಾತು ಇದ್ದದ್ದು ಇದ್ದ ಹಾಗೆ ಕಿವಿಗೆ ಬಿದ್ದಿದ್ದರೆ ಅವತ್ತು ಟಾಕೀಜಿನಿಂದ ನೆಟ್ಟಗೆ ಮನೆಗೆ ಬಂದು ಅಗಳಿ ಹಾಕಿಕೊಳ್ಳುತ್ತಿದ್ದಳು. ಟ್ರಂಕಿನ ಸೀರೆ ಟ್ರಂಕಿನಲ್ಲೇ ಉಳಿಯುತ್ತಿತ್ತು. ಹೊರಸಿನ ಮೇಲಿನಿಂದ ಮಗಳು ತಾಯಿಯನ್ನೇ ನೋಡುತ್ತಿದ್ದಳು.

"ಹಂಗಾರ ಅದು ಸಿನಿಮಾದ್ದಲ್ಲ ಯವ್ವಾ," ಎಂದಳು ಅನ್ನಪೂರ್ಣಾ. "ನಿಂದ."

ಅಮೀರಬಿ ಕೂಸನ್ನು ಕೆಳಗಿಟ್ಟು, ಅಡಿಗೆ ಬಾಕಿ ಐತಿ ಎನ್ನುತ್ತ ಮೆಲ್ಲಗೆ ಎದ್ದಳು. ಸಾವಿತ್ರೆವ್ವ ಅವಳ ಸೆರಗು ಹಿಡಿದು ಎಳೆದು ಕೂರಿಸಿದಳು. ಸಿನಿಮಾ ಇನ್ನೂ ಹತ್ತು ನಿಮಿಷ ಇತ್ತು.

"ಅನ್ನಪೂರ್ಣಾ, ಆ ಟೀವಿ ಸಪ್ಪಳಾ ಬಂದ್ ಮಾಡವಾ," ಎಂದಳು. "ಅಮೀರಬಿ, ಮುಂದ ಏನಾತು, ನೀ ಹೇಳು."